ಕೇಪಿನ ಕೋವಿ ಮತ್ತು ನಾವಿಬ್ಬರು

ಬೇಗೂರಿನಲ್ಲಿ ಮನೆ ಮಾಡಿದ್ದೀನಿ ಅಂದರೆ ನಮ್ಮೂರಲ್ಲಿ ಯಾರಿಗೂ ಏನೂ ಅನಿಸುವುದಿಲ್ಲ. ಹಾಗಾಗಿ ಊರಿಂದ ಯಾರೇ ಬಂದರೂ ಮೊದಲು ನಾಗೇಶ್ವರ ದೇವಸ್ಥಾನಕ್ಕೆ ಕರಕೊಂಡು ಹೋಗಿ, ಸುಮಾರು ಕ್ರಿ.ಶ. 890ರ ಶಾಸನ ತೋರಿಸಿ, "ಬೆಂಗಳೂರು ಅನ್ನೋ ಹೆಸರು ಇದರಲ್ಲೇ ಇದೆ, ನೋಡಿ" ಅಂತ ಬೀಗುತ್ತೀನಿ. ಇದೇ ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಗಂಗರಿಗೂ ನೊಳಂಬರಿಗೂ ನಡೆದ ಕಾಳಗ, ಆನೆ, ಕುದುರೆ, ಕತ್ತಿ ಎಲ್ಲಾ ಇದೆ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಅದನ್ನೂ ತೋರಿಸಿದೆ. ಅವಳು ಐದು ನಿಮಿಷ ನೋಡಿ, "ಇಷ್ಟು ಜನ ಇದ್ದಾರೆ, ಒಬ್ಬರ ಕೈಲೂ ಕೋವಿ ಇಲ್ಲವಲ್ಲ" ಅಂದಳು. ಕೊಡಗಿನ ಹುಡುಗಿ. ಕೋವಿ ಬರೋದಕ್ಕೆ ಇನ್ನೂ ಕೆಲವು ನೂರು ವರ್ಷ ಇತ್ತು ಮಾರಾಯ್ತಿ ಅಂತ ನಾನು ಹೇಳಬೇಕಾಯ್ತು.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮನೆಯಲ್ಲೂ ಕೋವಿ ಇತ್ತು. ಒಂಟಿನಳಿಗೆಯ ಕೇಪಿನ ಕೋವಿ, ಬೆಳೆ ರಕ್ಷಣೆಯ ಲೈಸೆನ್ಸು. ಗೊತ್ತಿಲ್ಲದವರಿಗೆ ಹೇಳುತ್ತೀನಿ: ಇದಕ್ಕೆ ತೋಟಾ ಇಲ್ಲ. ಬಾಯಿ ಕಡೆಯಿಂದಲೇ ಮಸಿ ಸುರಿಯಬೇಕು. ಮಸಿ ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಕರಿ ಮದ್ದು. ಅದರ ಮೇಲೆ ತೆಂಗಿನ ನಾರು, ಆಮೇಲೆ ಚರೆ, ಮತ್ತೆ ನಾರು. ಪ್ರತಿ ಸಲವೂ ಗಜದಿಂದ, ಅಂದರೆ ನಳಿಗೆಯ ಅಡಿಯಲ್ಲಿ ಸಿಕ್ಕಿಸಿರುವ ಉದ್ದ ಕಡ್ಡಿಯಿಂದ, ಜಡಿಯಬೇಕು. ಕೊನೆಗೆ ಹಿಂಬದಿಯ ತೊಟ್ಟಿನ ಮೇಲೆ ಪುಟ್ಟ ತಾಮ್ರದ ಕೇಪು. ಇಷ್ಟೆಲ್ಲಾ ಮಾಡಿದ ಮೇಲೆ ಸಿಗೋದು ಒಂದೇ ಈಡು. ಅಷ್ಟರಲ್ಲಿ ಹಂದಿ ಪಕ್ಕದ ಮನೆಯವರ ಗದ್ದೆಯಲ್ಲಿರುತ್ತೆ.

ಅಪ್ಪ ಹಂದಿಗೆ ಹೊಡೆದಿದ್ದನ್ನು ನಾನು ನೋಡಿಲ್ಲ. 1972ರ ಕಾಯ್ದೆ ಬಂದ ಮೇಲೆ ಹೊಡೆಯುವ ಹಾಗೂ ಇಲ್ಲ. ರಾತ್ರಿ ಎದ್ದು ಆಕಾಶಕ್ಕೆ ಒಂದು ಈಡು ಹಾರಿಸಿ, ಕೆಮ್ಮಿ, ಬಂದು ಮಲಗೋರು. ಆ ಸದ್ದು ನನಗೆ ಮಳೆಗಾಲದ ಸದ್ದು. ಮುಟ್ಟೋಕೆ ಮಾತ್ರ ಬಿಡುತ್ತಿರಲಿಲ್ಲ. "ನೀನು ಓದು" ಅನ್ನೋರು. ಓದಿದೆ. ಬಿಇ ಆಯ್ತು, ಬೆಂಗಳೂರಾಯ್ತು. 2017ರಲ್ಲಿ ಅಪ್ಪ ತೀರಿಕೊಂಡರು. ಲೈಸೆನ್ಸು ಅವರ ಹೆಸರಲ್ಲಿತ್ತು, ಹಾಗಾಗಿ ಅಮ್ಮ ಕೋವಿಯನ್ನು ಠಾಣೆಯಲ್ಲಿ ಇಟ್ಟು ರಸೀದಿ ತಂದಳು. ವಾರಸುದಾರ ಅರ್ಜಿ ಹಾಕಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು. ಅವಧಿಯೊಳಗೆ ಯಾರೂ ಕೇಳದಿದ್ದರೆ ಅದು ಸರ್ಕಾರದ ಪಾಲು. ಅಮ್ಮ ಮೂರು ಸಲ ಫೋನಿನಲ್ಲಿ ನೆನಪಿಸಿದಳು. ಮೂರು ಸಲವೂ ನನಗೆ ರಿಲೀಸ್ ಇತ್ತು.

ಇದನ್ನೆಲ್ಲಾ ಹೆಂಡತಿಗೆ ಹೇಳಿದ್ದೆ. ಅವಳ ಅಪ್ಪನಿಗೆ ಹೇಳಿರಲಿಲ್ಲ.

ಕೊಡಗಿನಲ್ಲಿ ಕಥೆಯೇ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ, ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಜಿಲ್ಲೆ ಬಿಟ್ಟು ಹೊರಗೆ ಹೋಗುವಾಗಲೂ ಒಂದು ರೈಫಲ್ಲು, ಒಂದು ನಳಿಗೆಕೋವಿ ಜೊತೆಗಿಟ್ಟುಕೊಳ್ಳಬಹುದಂತೆ. ಅಂದರೆ ಇವಳು ಬೇಗೂರಿನ ಫ್ಲ್ಯಾಟಿಗೇ ತರಬಹುದು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿದರೇ ನಮ್ಮ ಅಸೋಸಿಯೇಷನ್ ವಾಟ್ಸ್ಯಾಪ್ ಗ್ರೂಪಿನಲ್ಲಿ ಫೋಟೋ ಬೀಳುತ್ತೆ. ಬೇಡಪ್ಪ.

ಶುರುವಾಗಿದ್ದು 2022ರ ಕೈಲ್ ಪೊಳ್ದ್‌ನಲ್ಲಿ. ನಾಟಿ ಮುಗಿದ ಮೇಲೆ ಬರುವ ಆಯುಧಪೂಜೆ ಅದು, ಸೆಪ್ಟೆಂಬರ್ 3. ಕೋವಿಗಳನ್ನೆಲ್ಲ ಒರೆಸಿ, ದೇವರ ಕೋಣೆಯಲ್ಲಿ ಸಾಲಾಗಿ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ನಮ್ಮ ಕಡೆ ಗೌರಿಹೂ ಅನ್ನುತ್ತೀವಲ್ಲ, ಬೆಂಕಿ ಬಣ್ಣದ್ದು, ಅದೇ. ಪೂಜೆ, ಕಡಂಬುಟ್ಟು, ಪಂದಿಕರಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಟ. ಹೆಂಗಸರೂ ಹೊಡೆಯುತ್ತಾರೆ. ಇವಳು ಚಿಕ್ಕಂದಿನಿಂದ ಹೊಡೆದವಳೇ, ಆದರೆ ರೈಫಲ್ಲಿನಲ್ಲಿ. ಸಾಲಿನ ತುದಿಯಲ್ಲಿ ಅವಳಜ್ಜನ ಕೇಪಿನ ಕೋವಿ ಇತ್ತು. ಪೂಜೆಗೆ ಮಾತ್ರ ಇಳಿಸೋದು. ಅದನ್ನು ನೋಡಿದ ಕೂಡಲೇ ನಾನು ಏನೋ ಹೇಳಿದೆ ಅಂತ ಕಾಣುತ್ತೆ, ಮಾವ ತಿರುಗಿ, "ನಿಮ್ಮ ಮನೇಲೂ ಇತ್ತಲ್ಲ, ಈಗ ಯಾರ ಹತ್ರ ಇದೆ?" ಅಂದರು.

"ಮಾರಿಬಿಟ್ವಿ" ಅಂದೆ.

ಹೆಂಡತಿ ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅಪ್ಪ, ನಾವಿಬ್ಬರೂ ಇದನ್ನ ಕಲೀತೀವಿ" ಅಂದಳು.

ವಿನಾಯಿತಿ ಇರೋದು ಅವಳಿಗೆ, ನನಗಲ್ಲ. ಹಾಗಾಗಿ ಮಾವ ಕೆಲಸ ಹಂಚಿದರು: ಈಡು ಅವಳದು, ಪಕ್ಕದಲ್ಲಿ ನಿಂತು ಮಸಿ, ನಾರು, ಚರೆ ಒಂದೊಂದಾಗಿ ಅಳೆದು ಕೊಡೋದು ನನ್ನದು. ಮೊದಲ ಎರಡು ತಿಂಗಳು, ಹೋದಾಗಲೆಲ್ಲ, ಮಸಿಯೇ ಇಲ್ಲದೆ ಬರೀ ಅಭ್ಯಾಸ. ಏನು ಕೊಟ್ಟರೂ ಬಾಯಿಬಿಟ್ಟು ಹೇಳಬೇಕು, ಅವಳೂ ಬಾಯಿಬಿಟ್ಟು ಒಪ್ಪಬೇಕು. "ಮಸಿ ಕೊಟ್ಟೆ." "ಮಸಿ ಹಾಕಿದೆ." ಮೊದಮೊದಲು ನಗು ಬರುತ್ತಿತ್ತು. ಲಾಕ್‌ಡೌನಿನ ಎರಡು ವರ್ಷ ಒಂದೇ ಮನೆಯ ಎರಡು ರೂಮುಗಳಲ್ಲಿ ಹೆಡ್‌ಫೋನ್ ಹಾಕಿಕೊಂಡು, "ಊಟಕ್ಕೆ ಏನು" ಅನ್ನೋದನ್ನೂ ಮೆಸೇಜಿನಲ್ಲೇ ಕೇಳಿಕೊಂಡವರು ನಾವು. ಒಬ್ಬರ ಮಾತಿಗೆ ಇನ್ನೊಬ್ಬರು ಪೂರ್ತಿ ಉತ್ತರ ಕೊಟ್ಟು ಬಹಳ ದಿನವಾಗಿತ್ತು.

ಒಂದು ಸಲ ಮಾತಿನ ಮಧ್ಯೆ ಮರೆತೇಹೋಯ್ತು, ಮಸಿ ಹಾಕಿದ್ದೇವೋ ಇಲ್ಲವೋ. ಎರಡು ಸಲ ಹಾಕಿದರೆ ನಳಿಗೆ ಸಿಡಿಯಬಹುದು. ಮಾವ ಗಜ ತೋರಿಸಿದರು. ಅದರ ಮೇಲೆ ಎರಡು ಗೀಟು: ಖಾಲಿ ನಳಿಗೆಗೆ ಇಳಿಸಿದರೆ ಇಲ್ಲಿಯವರೆಗೆ, ಸರಿಯಾಗಿ ತುಂಬಿದ್ದರೆ ಇಲ್ಲಿಯವರೆಗೆ. ನೆನಪನ್ನು ನಂಬಬೇಡ, ಅಳತೆ ನೋಡು. ನಮ್ಮ ಟೀಮಿನಲ್ಲಿ ಈ ಮಾತನ್ನು ಹೇಳಲು ಮೂರು ಮೀಟಿಂಗ್ ಬೇಕಾಗುತ್ತೆ, ಅಜ್ಜನ ಕಾಲದಲ್ಲಿ ಚಾಕುವಿನಿಂದ ಎರಡು ಗೀಟು ಸಾಕಾಗಿತ್ತು.

2023ರ ಕೈಲ್ ಪೊಳ್ದ್ ಭಾನುವಾರ ಬಂತು. ಬೆಳಗ್ಗೆಯಿಂದ ಸಣ್ಣ ಜಡಿ. ಮನೆ ಹಿಂದಿನ ಧರೆಗೆ ಒಂದು ಗೂಟ ನೆಟ್ಟು ಅದಕ್ಕೆ ತೆಂಗಿನಕಾಯಿ ಕಟ್ಟಿದ್ದರು. ಮೊದಲನೇ ಈಡು ಕಾಯಿಯನ್ನು ಸವರಿಕೊಂಡು ಹೋಯ್ತು. ಹೊಗೆ ಎಷ್ಟಿತ್ತೆಂದರೆ ಕಾಯಿ ಇದೆಯೋ ಬಿತ್ತೋ ನೋಡಲು ಗಾಳಿ ಬೀಸುವವರೆಗೆ ಕಾಯಬೇಕಾಯ್ತು. ಎರಡನೆಯದಕ್ಕೆ ತುಂಬಿದೆವು. ಅವಳು ಕುದುರೆ ಎಳೆದಳು, ಗುರಿ ಹಿಡಿದಳು, ಟ್ರಿಗರ್ ಒತ್ತಿದಳು.

ಟಪ್. ಕೇಪು ಸಿಡಿಯಿತು. ಅಷ್ಟೇ.

ಮಸಿ ತೇವ ಎಳೆದುಕೊಂಡಿತ್ತು. ಇಂಥ ಹೊತ್ತಿನಲ್ಲಿ ಒಂದೇ ನಿಯಮ: ಕೋವಿ ಇದ್ದ ಹಾಗೇ ಗುರಿಯ ಕಡೆಗೇ ಇರಬೇಕು, ಕಡಿಮೆ ಅಂದರೂ ಒಂದು ನಿಮಿಷ, ಯಾರೂ ಅಲ್ಲಾಡಬಾರದು. ಒಳಗೆ ಕಿಡಿ ಇನ್ನೂ ಬದುಕಿರಬಹುದು. ಇದನ್ನು ಹತ್ತು ಸಲ ಬಾಯಿಪಾಠ ಒಪ್ಪಿಸಿದ್ದವನು ನಾನೇ. ಆದರೂ ಏನಾಯ್ತು ನೋಡೋಣ ಅಂತ ನನ್ನ ಕೈ ಮುಂದೆ ಹೋಯ್ತು. ಯಾವುದಾದರೂ ನಿಂತರೆ ಕೂಡಲೇ ಕೈ ಹಾಕೋದು ನನ್ನ ಹೊಟ್ಟೆಪಾಡು.

"ಕೈ ತೆಗಿ!" ಮಾವ ಅಲ್ಲ, ಇವಳು. ತಲೆ ಕೂಡ ತಿರುಗಿಸಲಿಲ್ಲ, ಕೆನ್ನೆ ಹಿಡಿಕೆಯ ಮೇಲೇ ಇತ್ತು. ನಾನು ಕೈ ಎಳೆದುಕೊಂಡೆ. ಒಂದು, ಎರಡು ಅಂತ ಎಣಿಸುವಷ್ಟು ಹೊತ್ತು. ಢಂ.

ತೆಂಗಿನಕಾಯಿ ಹೋಳಾಯ್ತು. ನೆಂಟರೆಲ್ಲ ಕೂಗಿದರು. ನಾನು ನನ್ನ ಬಲಗೈ ನೋಡಿಕೊಳ್ಳುತ್ತಾ ನಿಂತೆ.

ಕಪ್ಪು ಮಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಉರಿದ ಮೇಲೂ ಅನಿಲವಾಗುವುದಿಲ್ಲ, ಹೊಗೆಯಾಗಿ, ಕಿಟ್ಟವಾಗಿ ಉಳಿಯುತ್ತೆ. ನಳಿಗೆಯೊಳಗೆ ಅಂಟಿ, ತೇವ ಹೀರಿ, ಕಬ್ಬಿಣವನ್ನು ತಿನ್ನುತ್ತೆ. ಹಾಗಾಗಿ ಎಷ್ಟೇ ಸುಸ್ತಾಗಿರಲಿ ಅವತ್ತೇ ತೊಳೆಯಬೇಕು. ಬಿಸಿನೀರು ಸುರಿದು, ಗಜಕ್ಕೆ ಬಟ್ಟೆ ಸುತ್ತಿ, ನೀರು ತಿಳಿಯಾಗುವವರೆಗೆ ತಿಕ್ಕೋದು, ಒಣಗಿಸಿ ಎಣ್ಣೆ ಹಾಕೋದು. ರಾತ್ರಿ ಅಡುಗೆಮನೆ ಹಿಂದೆ ನಾವು ಮೂವರೇ ಇದ್ದೆವು. ಕೊಳೆತ ಮೊಟ್ಟೆಯ ವಾಸನೆ. ಅಪ್ಪ ಕೋವಿ ತೊಳೆದ ದಿನ ನಮ್ಮ ಬಚ್ಚಲಿನಲ್ಲೂ ಇದೇ ವಾಸನೆ ಇರುತ್ತಿತ್ತು.

"ಮಾವ, ನಮ್ಮ ಕೋವಿ ಮಾರಿಲ್ಲ" ಅಂದೆ. "ಠಾಣೆಯಲ್ಲಿದೆ. ಇದ್ದರೆ. ನಾನು ಹೋಗಲಿಲ್ಲ."

ಅವರು ಬಟ್ಟೆ ಹಿಂಡುತ್ತಾ, "ರಸೀದಿ ಇದೆಯಾ?" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ಡಿಸೆಂಬರಿನಲ್ಲಿ ಇಬ್ಬರೂ ಊರಿಗೆ ಹೋದೆವು. ರಸೀದಿ ಅಮ್ಮನ ಟ್ರಂಕಿನಲ್ಲಿ, ಅಪ್ಪನ ಲೈಸೆನ್ಸ್ ಪುಸ್ತಕದೊಳಗೇ ಇತ್ತು. ಪುಸ್ತಕದಲ್ಲಿ ಅಪ್ಪನ ಫೋಟೋ. ನನಗಿಂತ ಚಿಕ್ಕವರ ಹಾಗೆ ಕಾಣುತ್ತಾರೆ. ನವೀಕರಣದ ಮುದ್ರೆಗಳು ಒಂದರ ಕೆಳಗೊಂದು. ಠಾಣೆಯಲ್ಲಿ ರಿಜಿಸ್ಟರ್ ಹುಡುಕಿ ನೋಡುತ್ತೇವೆ, ಮೊದಲು ಅರ್ಜಿ ಕೊಡಿ ಅಂದರು. ಅವಧಿ ಮುಗಿದು ಎಷ್ಟೋ ಕಾಲವಾಗಿದೆ, ಸಿಗೋದು ಕಷ್ಟ ಅಂತಲೂ ಹೇಳಿದರು. ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು, 2016ರ ನಿಯಮ. ಅದಕ್ಕೆ ಇಬ್ಬರೂ ಹೋಗೋಣ ಅಂದಳು ಇವಳು. ನಿನಗೆ ಬೇಡವಲ್ಲ ಅಂದರೆ, "ನಿನ್ನ ಕೈ ನೋಡ್ಕೊಳ್ಳೋಕೆ ಒಬ್ಬರು ಬೇಕು" ಅಂದಳು.

ಈಗ ಬೇಗೂರಿನ ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪುಗಳ ನಡುವೆ ಅರ್ಜಿ ಇದೆ. ಕೋವಿ ಯಾಕೆ ಬೇಕು ಅನ್ನೋ ಕಾಲಂನಲ್ಲಿ ನಿಂತಿದ್ದೀನಿ.

"ಬೆಳೆ ರಕ್ಷಣೆ ಅಂತ ಬರಿ" ಅಂದಳು.

"ಇರೋದು ಇಲ್ಲಿ. ಯಾವ ಬೆಳೆ ಅಂದರೆ?"

"ಅಮ್ಮನ ಅಡಿಕೆ ತೋಟದ್ದು. ಅವರು ಒಬ್ಬರೇ ಇದ್ದಾರೆ, ಹಂದಿ ಈಗಲೂ ಬರುತ್ತೆ. ಫೋನ್ ಮಾಡಿ ಕೇಳು ಬೇಕಾದರೆ."

ಫೋನ್ ಮಾಡಿದೆ. ಅಮ್ಮ ಹಂದಿಯ ವಿಷಯ ಬಿಟ್ಟು, ಈ ಸಲ ಯಾವಾಗ ಬರ್ತೀರಿ ಅಂತ ಕೇಳಿದಳು.