ಆ ತೊಟ್ಟನ್ನು ಕೀಳಬೇಡಿ

ಹೋಯಾ ಬಳ್ಳಿಯನ್ನ ನೀವು ಖಂಡಿತ ನೋಡಿರ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ ಅಷ್ಟೇ. ಪ್ರೇಮಿಗಳ ದಿನಕ್ಕೆ ಪುಟ್ಟ ಕುಂಡದಲ್ಲಿ ಹೃದಯದಾಕಾರದ ಒಂದೇ ಒಂದು ದಪ್ಪ ಎಲೆ ನೆಟ್ಟು ಮಾರ್ತಾರಲ್ಲ, ಅದು ಹೋಯಾ ಕೆರಿ. ಬಸವೇಶ್ವರನಗರದ ನಮ್ಮ ಮನೆ ಬಾಲ್ಕನಿಯಲ್ಲಿರೋದು ಅದರ ಅಕ್ಕ, ಹೋಯಾ ಕಾರ್ನೋಸಾ. ಹೂವು ಮೇಣದಲ್ಲಿ ಮಾಡಿಟ್ಟ ಹಾಗಿರುತ್ತೆ, ಅದಕ್ಕೇ ‘ವ್ಯಾಕ್ಸ್ ಪ್ಲಾಂಟ್’ ಅಂತ ಇನ್ನೊಂದು ಹೆಸರು. ಆದರೆ ಆ ಹೂವಿಗೆ ವರ್ಷಗಟ್ಟಲೆ ಕಾಯಬೇಕು. ನಮ್ಮ ಮನೆಯಲ್ಲಿ ಕಾದವರು ಅಪ್ಪ.

2021ರಲ್ಲಿ ಅಪ್ಪ ಪೀಣ್ಯದ ಒಂದು ಕಾರ್ಖಾನೆಯಿಂದ ರಿಟೈರ್ ಆದರು. ಮೂವತ್ತು ವರ್ಷಕ್ಕೂ ಹೆಚ್ಚು ಲೇತ್ ಮುಂದೆ ನಿಂತವರು. ಆಮೇಲೂ ಬೆಳಗ್ಗೆ ಐದಕ್ಕೇ ಎದ್ದು, ಸ್ನಾನ ಮಾಡಿ, ಇಸ್ತ್ರಿ ಶರ್ಟ್ ಹಾಕ್ಕೊಂಡು ಹಾಲ್‌ನಲ್ಲಿ ಸುಮ್ಮನೆ ಕೂತಿರೋರು. ನಾನು ಒಳಗಿನ ರೂಮಲ್ಲಿ ವರ್ಕ್ ಫ್ರಂ ಹೋಮ್. ಬಂದ ನೆಂಟರೆಲ್ಲ “ಇನ್ನೇನ್ರೀ ನಿಮಗೆ, ಆರಾಮ್!” ಅನ್ನೋರು. ಆ ಮಾತು ಕೇಳಿದಾಗಲೆಲ್ಲ ಅಪ್ಪನ ಮುಖ ಸಣ್ಣದಾಗ್ತಿತ್ತು.

ಆಗ ಗೆಳೆಯನೊಬ್ಬ ಹೋಯಾದ ಒಂದು ತುಂಡು ಕೊಟ್ಟ. ಅದು ಅಪ್ಪನ ಕೈಗೆ ಹೋಯ್ತು. ಅವರು ಬಳ್ಳಿಯನ್ನೂ ಮೆಷಿನ್ ಥರಾನೇ ನೋಡಿದರು. ಹಳೇ ಡೈರಿಯಲ್ಲಿ ನೀರು ಹಾಕಿದ ದಿನ, ಹೊಸ ಎಲೆ ಎಷ್ಟು, ಬಳ್ಳಿ ಎಷ್ಟು ಸೆಂಟಿಮೀಟರ್ ಉದ್ದ ಆಯ್ತು, ಎಲ್ಲ ಬರೆದಿಡೋರು. ಎರಡು ವರ್ಷ ಬರೀ ಎಲೆ. “ಇದನ್ನ ತೆಗೆದು ಮಲ್ಲಿಗೆ ಹಾಕ್ರೀ” ಅಂತ ಅಮ್ಮ ಹೇಳ್ತಾನೇ ಇದ್ದಳು.

2024ರ ಮಾರ್ಚ್ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರನ್ನ ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಬಾಲ್ಕನಿಯ ಉಳಿದ ಕುಂಡಗಳು ಸೊರಗಿದವು, ಹೋಯಾ ಅಲ್ಲಾಡಲಿಲ್ಲ. ಯಾಕೆ ಅಂತ ಅಪ್ಪ ಕೇಳಿದಾಗ ನಾನು ಓದಿ ಹೇಳಿದೆ. ಬಹುತೇಕ ಗಿಡಗಳು ಎಲೆಯ ಸಣ್ಣ ರಂಧ್ರಗಳನ್ನ ಹಗಲಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ತಗೊಳ್ತವೆ, ಬಿಸಿಲಿಗೆ ನೀರೂ ಆವಿಯಾಗಿ ಹೋಗುತ್ತೆ. ಹೋಯಾ ಕಾರ್ನೋಸಾ ಆ ಬಾಗಿಲನ್ನ ಮುಖ್ಯವಾಗಿ ರಾತ್ರಿ ತಂಪಿನಲ್ಲಿ ತೆರೆಯುತ್ತೆ. ಒಳಗೆ ಬಂದಿದ್ದನ್ನ ಆಮ್ಲದ ರೂಪದಲ್ಲಿ ಕೂಡಿಟ್ಟು, ಬೆಳಗಾದ ಮೇಲೆ ಬಾಗಿಲು ಮುಚ್ಚಿಕೊಂಡೇ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತೆ. ಅಪ್ಪ ನಕ್ಕರು. “ಓ, ಇದೂ ನನ್ನ ಥರ ನೈಟ್ ಶಿಫ್ಟ್ ಗಿರಾಕಿ!” ತುಂಬ ದಿನದ ಮೇಲೆ ಅವರು ಕಾರ್ಖಾನೆ ಮಾತೆತ್ತಿದ್ದು ಅವತ್ತೇ.

ಅದೇ ಮೇ ತಿಂಗಳಲ್ಲಿ ಮೊದಲ ಗೊಂಚಲು ಬಂತು. ಪುಟ್ಟ ಕೊಡೆ ಬಿಚ್ಚಿದ ಹಾಗೆ ಹದಿನೆಂಟು ಹೂವು. ನಸುಗುಲಾಬಿ ನಕ್ಷತ್ರ, ಅದರೊಳಗೆ ಇನ್ನೊಂದು ಪುಟ್ಟ ನಕ್ಷತ್ರ. ಸಂಜೆಯಾದರೆ ಬಾಲ್ಕನಿ ತುಂಬ ಸಿಹಿ ಪರಿಮಳ. ಅಮ್ಮ ಸ್ನಾನ ಮುಗಿಸಿ, ಬುಟ್ಟಿ ಹಿಡ್ಕೊಂಡು ಬಂದಳು. ಮನೆಯ ಮೊದಲ ಹೂವು ದೇವರಿಗೆ ಅಲ್ವಾ?

“ಗೊಂಚಲು ಕೀಳ್ಬೇಡ ಕಣೇ” ಅಂದರು ಅಪ್ಪ. ವಿಷಯ ಇಷ್ಟೇ: ಹೂವು ಉದುರಿದ ಮೇಲೆ ಉಳಿಯೋ ಬೋಳು ತೊಟ್ಟು ಸತ್ತಿರಲ್ಲ. ಅದೇ ತೊಟ್ಟಿನ ತುದಿಯಲ್ಲಿ ಮತ್ತೆ ಮತ್ತೆ ಮೊಗ್ಗು ಬರುತ್ತೆ. ಅದನ್ನ ಕಿತ್ತರೆ ಬಳ್ಳಿ ಇನ್ನೊಂದು ತೊಟ್ಟನ್ನ ಮೊದಲಿಂದ ಬೆಳೆಸಬೇಕು. “ದೇವರಿಗೂ ಇಲ್ವಾ?” ಅಂತ ಅಮ್ಮನ ಮುಖ ಊದಿತು. ಕೊನೆಗೆ ಅಪ್ಪನೇ ತೊಟ್ಟಿಗೆ ಕೈ ತಾಗದ ಹಾಗೆ ಐದು ಹೂವನ್ನ ಬಿಡಿಬಿಡಿಯಾಗಿ ಬಿಡಿಸಿ ಬುಟ್ಟಿಗೆ ಹಾಕಿದರು. ಮಿಲಿಮೀಟರ್ ಲೆಕ್ಕದಲ್ಲಿ ಲೋಹ ಕೊರೆದ ಕೈ ಅದು. ಬೋಳು ತೊಟ್ಟಿಗೆ ಗುರುತಿಗೆ ಅಂತ ಕೆಂಪು ಉಲ್ಲನ್ ದಾರ ಕಟ್ಟಿದರು. 2025ರಲ್ಲಿ ಆ ದಾರದ ಪಕ್ಕದಲ್ಲೇ ಮೊಗ್ಗು ಬಂತು. ನೆಂಟರೊಬ್ಬರು “ಆರಾಮಾ?” ಅಂದಾಗ, “ಎಲ್ರೀ ಆರಾಮು, ಮೊಗ್ಗು ಕಾಯ್ಬೇಕು” ಅಂದರು ಅಪ್ಪ.

ಹೋಯಾ ಅನ್ನೋ ಹೆಸರಿನ ಕಥೆಯೂ ಅವರಿಗೆ ಇಷ್ಟ. 1810ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಇದಕ್ಕೆ ಥಾಮಸ್ ಹೋಯ್ ಎಂಬ ತೋಟಗಾರನ ಹೆಸರಿಟ್ಟ. ಹೋಯ್ ಇಂಗ್ಲೆಂಡಿನ ನಾರ್ತಂಬರ್ಲೆಂಡ್ ಡ್ಯೂಕನ ತೋಟ ನೋಡಿಕೊಳ್ತಿದ್ದವನು. ಬಳ್ಳಿಗೆ ಸಿಕ್ಕಿದ್ದು ಯಜಮಾನನ ಹೆಸರಲ್ಲ, ಕೆಲಸದವನದು. ಹಾಗಂತ ಇದು ಪೂರ್ತಿ ಪರದೇಶಿಯೂ ಅಲ್ಲ. ನಮ್ಮ ಎಕ್ಕ, ನಂದಿಬಟ್ಟಲು, ಕಣಗಿಲೆಯ ಕುಟುಂಬವೇ ಇದರದ್ದೂ. ಮುರಿದರೆ ಹಾಲು ಬರುತ್ತೆ. ಪಶ್ಚಿಮ ಘಟ್ಟದ ಕಾಡಿನಲ್ಲೂ ಹೋಯಾದ ಕೆಲವು ಬಗೆಗಳಿವೆ.

ನೀವೂ ಬೆಳೆಸ್ತೀರಾದರೆ ಅಪ್ಪನ ಡೈರಿಯಿಂದ ಒಂದಿಷ್ಟು. ಮರದ ಮೇಲೆ ಹಬ್ಬೋ ಬಳ್ಳಿಯಾದ್ದರಿಂದ ಬರೀ ಮಣ್ಣು ಬೇಡ. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಸ್ವಲ್ಪ ಗೊಬ್ಬರ ಸಾಕು. ಕುಂಡ ಚಿಕ್ಕದಿರಲಿ. ಬೆಳಗಿನ ಎಳೆಬಿಸಿಲು ಬೀಳಬೇಕು, ನೆರಳಲ್ಲಿಟ್ಟರೆ ಎಲೆಯಷ್ಟೇ. ಎಲೆಯನ್ನ ಮೆಲ್ಲಗೆ ಬಾಗಿಸಿ ನೋಡಿ: ಗಟ್ಟಿಯಿದ್ದರೆ ನೀರು ಬೇಡ, ಮೆತ್ತಗಾಗಿದ್ದರೆ ಹಾಕಿ. ಮೊಗ್ಗು ಬಂದಾಗ ಕುಂಡದ ಜಾಗ ಬದಲಿಸಿದರೆ ಮೊಗ್ಗು ಉದುರಬಹುದು. ಹೃದಯದ ಎಲೆ ಕೊಳ್ಳೋರು ಕಾಂಡದ ಗಿಣ್ಣು ಇದೆಯಾ ಅಂತ ಕೇಳಿ. ಗಿಣ್ಣಿಲ್ಲದ ಎಲೆ ವರ್ಷಗಟ್ಟಲೆ ಹಸಿರಾಗಿರುತ್ತೆ, ಬಳ್ಳಿ ಮಾತ್ರ ಆಗಲ್ಲ. ಹೂವು ಮುಗಿದ ತೊಟ್ಟಿಗೆ ಒಂದು ದಾರ ಕಟ್ಟಿಡಿ, ಮನೆಯಲ್ಲಿ ಯಾರೂ ಕತ್ತರಿ ಹಾಕದಿರಲಿ.