ಹೊಸ್ತಿಲಿನಿಂದ ಹೊಸ್ತಿಲಿಗೆ

ದೂರವನ್ನು ಅಳೆಯುವ ಬಗೆಯು ವಾಹನದೊಡನೆ ಬದಲಾಗುತ್ತದೆ. ಎತ್ತಿನ ಗಾಡಿಯ ಕಾಲದಲ್ಲಿ ಮೈಸೂರಿನವರು ಹರದಾರಿಗಳನ್ನು ಎಣಿಸುತ್ತಿದ್ದರು. 1880ರ ದಶಕದಲ್ಲಿ ಬೆಂಗಳೂರಿಗೆ ಹೊಗೆಬಂಡಿಯ ದಾರಿಯಾದ ಮೇಲೆ ಗಂಟೆಗಳನ್ನು ಎಣಿಸತೊಡಗಿದರು. ಈಗಲಾದರೋ ಸರಸ್ವತೀಪುರಂ, ಕುವೆಂಪುನಗರಗಳಲ್ಲಿ ಮಗನೋ ಮಗಳೋ ಅಮೆರಿಕೆಯಲ್ಲಿ ನೆಲೆಸಿರುವ ಮನೆಗಳು ಎಷ್ಟೋ ಉಂಟು. ಮಗಳ ಬಾಣಂತನಕ್ಕೆ ಹೊರಡುವ ತಾಯಿಗೂ, ಹಾಸಿಗೆ ಹಿಡಿದ ತಂದೆಯನ್ನು ನೋಡಲು ಬರಬೇಕಾದ ಮಗನಿಗೂ ಬೇಕಾದ ಲೆಕ್ಕ ಒಂದೇ: ಹೊಸ್ತಿಲಿನಿಂದ ಹೊಸ್ತಿಲಿಗೆ ಎಷ್ಟು ಹೊತ್ತು? ಇದನ್ನು ಕುರಿತು ವಾಚಕರೊಡನೆ ಕೊಂಚ ವಿಚಾರ ಮಾಡೋಣ.

ಮೈಸೂರಿಗೆ ವಿಮಾನನಿಲ್ದಾಣವಿಲ್ಲದೆ ಇಲ್ಲ. ನಂಜನಗೂಡಿನ ಹೆದ್ದಾರಿಯ ಪಕ್ಕದಲ್ಲಿ, ಮಂಡಕಳ್ಳಿಯಲ್ಲಿ, 2010ರ ಮೇ ತಿಂಗಳಲ್ಲಿ ಅದರ ನೂತನ ಕಟ್ಟಡವು ಪ್ರಾರಂಭವಾಯಿತು. ಆದರೆ ಅದಕ್ಕೆ ಹಾಕಿದ ರನ್‌ವೇ 1,740 ಮೀಟರು ಮಾತ್ರ; ಖಂಡಾಂತರಕ್ಕೆ ಹಾರುವ ಭಾರೀ ವಿಮಾನಗಳಿಗೆ ಸುಮಾರು 3,000 ಮೀಟರು ಬೇಕು. ಆದಕಾರಣ ನಾವು ಬೆಂಗಳೂರಿನ ಆಚೆಯ ದೇವನಹಳ್ಳಿಗೇ ಹೋಗಬೇಕು. ರಸ್ತೆಯಲ್ಲಿ ಇದಕ್ಕೇ ನಾಲ್ಕು ಗಂಟೆ ಹಿಡಿಯುತ್ತದೆ.

ಇನ್ನು ಆಕಾಶದ ದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸಾನ್‌ಫ್ರಾನ್ಸಿಸ್ಕೋವಿನಿಂದ ಹೊರಟು, ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಸೇರಿತು. ಅದನ್ನು ನಡೆಸಿದವರೆಲ್ಲರೂ ಸ್ತ್ರೀಯರೇ. ಕ್ಯಾಪ್ಟನ್ ಜೋಯಾ ಅಗರ್ವಾಲರು ಮುಖ್ಯಸ್ಥೆ. ಅವರು ಹಿಡಿದ ದಾರಿ ಉತ್ತರಧ್ರುವದ ಮೇಲಿನದು. ಗೋಡೆಯ ಭೂಪಟವನ್ನು ನೋಡಿದವರಿಗೆ ಇದು ಸುತ್ತುದಾರಿಯೆಂದೇ ತೋರುವುದು. ಮಕ್ಕಳ ಭೂಗೋಲದ ಮೇಲೆ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿದರೆ ಸಂದೇಹ ತೀರುತ್ತದೆ. ಎರಡೂ ಊರುಗಳು ಬಹುಮಟ್ಟಿಗೆ ಭೂಮಿಯ ಎದುರುಬದುರು ಪಾರ್ಶ್ವಗಳಲ್ಲಿರುವುದರಿಂದ ದಾರವು ಧ್ರುವದ ಸಮೀಪದಲ್ಲಿಯೇ ಹಾಯುವುದು.

ಈ ನೇರ ದೂರ 13,993 ಕಿಲೋಮೀಟರು. ಗಂಟೆಗೆ 900 ಕಿಲೋಮೀಟರಿನಂತೆ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಪ್ರಯಾಣಕ್ಕೆ ಹಿಡಿದದ್ದಾದರೋ ಸುಮಾರು ಹದಿನೇಳು. ಮೇಲಿನ ವಾಯುಮಂಡಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಗಳು ಬೀಸುತ್ತವೆ. ಹರಿಗೋಲಿನವನು ಕಾವೇರಿಯ ಸೆಳವನ್ನು ನೋಡಿ ಓರೆಯಾಗಿ ದಾಟುವಂತೆ, ವಿಮಾನ ನಡೆಸುವವರೂ ಗಾಳಿಯನ್ನು ನೋಡಿ ದಾರಿಯನ್ನು ಆರಿಸುತ್ತಾರೆ. ಹೋಗುವ ಹೊತ್ತೂ ಬರುವ ಹೊತ್ತೂ ಒಂದೇ ಆಗದಿರುವುದು ಇದರಿಂದಲೇ.

ತಾರೀಖನ್ನು ನೋಡಿಯೂ ಮೋಸಹೋಗಬಾರದು. ಆ ವಿಮಾನವು ಅಲ್ಲಿ 9ನೆಯ ತಾರೀಖು ರಾತ್ರಿ ಹೊರಟು ಇಲ್ಲಿ 11ರ ಬೆಳಗಿನ ಜಾವ ಇಳಿಯಿತು. ಲೆಕ್ಕಕ್ಕೆ ಮೂವತ್ತು ಗಂಟೆಗೂ ಮಿಕ್ಕಂತೆ ಕಾಣುವುದು; ಅದರಲ್ಲಿ ಹದಿಮೂರೂವರೆ ಗಂಟೆ ಎರಡು ದೇಶಗಳ ಗಡಿಯಾರಗಳ ಅಂತರವೇ ಹೊರತು ಪ್ರಯಾಣವಲ್ಲ.

ಈಗ ಎಲ್ಲವನ್ನೂ ಕೂಡಿಸೋಣ. ಹೊರಡುವ ಮೊದಲು ನಿಲ್ದಾಣದಲ್ಲಿ ಮೂರು ಗಂಟೆ, ಆಕಾಶದಲ್ಲಿ ಹದಿನೇಳು, ಇಳಿದ ಮೇಲೆ ತಪಾಸಣೆಗೆ ಒಂದು, ಮೈಸೂರಿನ ರಸ್ತೆಗೆ ನಾಲ್ಕು, ಒಟ್ಟು ಇಪ್ಪತ್ತೈದು. ನಡುವೆ ದುಬಾಯಿಯಲ್ಲೋ ಸಿಂಗಪುರದಲ್ಲೋ ವಿಮಾನ ಬದಲಿಸುವುದಾದರೆ ಇನ್ನೂ ಹೆಚ್ಚು. ಟಿಕೆಟ್ಟು ದೊರೆಯುವ ಹೊತ್ತು ಇದರಲ್ಲಿ ಸೇರಿಲ್ಲ.

ಆದುದರಿಂದ ಮಕ್ಕಳು ದೂರದೇಶದಲ್ಲಿರುವ ಗೃಹಸ್ಥರು ಒಂದು ಮಾತನ್ನು ನೆನಪಿಡತಕ್ಕದ್ದು. ಮಕ್ಕಳಿಗೆ ಏಕೆ ಗಾಬರಿ ಎಂದು ಕಾಹಿಲೆಯ ಸುದ್ದಿಯನ್ನು ಮರೆಮಾಚುವುದು ನಮ್ಮಲ್ಲಿ ವಾಡಿಕೆ. ಹಾಗೆ ಮಾಡದೆ ಮೊದಲ ದಿನವೇ ತಿಳಿಸುವುದು ಲೇಸು. ವಿಮಾನವು ಎಷ್ಟೇ ವೇಗವಾಗಿ ಹಾರಲಿ, ಹೇಳದೆ ಕಳೆದ ದಿನವನ್ನು ಅದು ಹಿಂದಕ್ಕೆ ತಂದುಕೊಡಲಾರದು.