ಸೆರಗು ಸರಿಸಿದ ರಾಣಿ

ಮುಳಬಾಗಿಲಿಂದ ಕೋಲಾರಕ್ಕೆ ಬಸ್ಸು, ಕಿಟಕಿ ಪಕ್ಕದ ಸೀಟು, ಕೈಯಲ್ಲಿ ಮೊಬೈಲು. ಫ್ರೆಂಚ್ ಕಲಾವಿದ ಆಂಗ್ರ್ 1856ರಲ್ಲಿ ಮುಗಿಸಿದ ಮದಾಂ ಮ್ವಾತೆಸ್ಸಿಯೆ ತೈಲಚಿತ್ರ ಕಾಣಿಸ್ತು. ಹೂವಿನ ಗೌನು, ಒಡವೆ, ಗತ್ತು. ಶುರು ಮಾಡಿದ್ದು 1844ರಲ್ಲಂತೆ! ಅಷ್ಟು ವರ್ಷ ಬರೆದ್ರೂ ಆಯಮ್ಮ ಏನು ಯೋಚಿಸ್ತಿದ್ದಾಳೆ ಅಂತ ಗೊತ್ತಾಗಲ್ಲ.

ನನಗೆ ಅದಕ್ಕಿಂತ ಇಷ್ಟ ನಮ್ಮ ಮೈಸೂರಿನದು. 1805ರ ಸುಮಾರಿಗೆ ಐರಿಷ್ ಕಲಾವಿದ ಥಾಮಸ್ ಹಿಕಿ ಬರೆದ ಅರಮನೆಯ ಮೂವರು ಹೆಣ್ಣುಮಕ್ಕಳು. ಬಲಗಡೆಯವಳು ಸೆರಗನ್ನ ಕೊಂಚ ಸರಿಸಿ ನಿಂತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ತೋರಿಸ್ತಿರೋದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳು ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದ. ಆ ಲಸಿಕೆ ಭಾರತಕ್ಕೆ ಬಂದಿದ್ದೇ 1802ರಲ್ಲಿ!

2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡು ನಾವೂ ತೋಳು ತೋರಿಸಿ ಸ್ಟೇಟಸ್ ಹಾಕಿದ್ವಲ್ಲ? ನಿಮ್ಮ ಫೋಟೊ ಇನ್ನೂ ಇದ್ಯಾ, ಡಿಲೀಟ್ ಮಾಡಿಬಿಟ್ರಾ?